ಕೋಶ ಸುಮ್ಮನಾಯಿತೋ, ಸತ್ತೇ ಹೋಯಿತೋ?

ಫೋನ್ ಮಾಡಿದಾಗಲೆಲ್ಲ ಅಮ್ಮನದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಇಲಿಗೆ ಔಷಧ ಹಾಕಿದೆ?" ನಮ್ಮ ಲ್ಯಾಬಿನಲ್ಲಿ ಇಲಿಯೇ ಇಲ್ಲಮ್ಮ ಎಂದರೆ ನಂಬುವುದಿಲ್ಲ.

ಇಲ್ಲಿ ನನ್ನ ಕೆಲಸ ಇಷ್ಟು. ರೋಗನಿರೋಧಕ ಶಕ್ತಿಯನ್ನು ಏರಿಸುವ, ಇಳಿಸುವ ಔಷಧಗಳು ಬಿಳಿ ರಕ್ತಕಣಗಳನ್ನು ಏನು ಮಾಡುತ್ತವೆ ಎಂದು ನೋಡುವುದು. ಸದ್ಯ ಕೈಯಲ್ಲಿರುವುದು ಥಾಲಿಡೋಮೈಡ್ ಮತ್ತು ಅದರ ತಮ್ಮ ಲೆನಾಲಿಡೋಮೈಡ್. ಹೌದು, ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ ಮೇಲೆ 1961ರಲ್ಲಿ ಜರ್ಮನಿಯ ಅಂಗಡಿಗಳಿಂದ ವಾಪಸ್ ತೆಗೆಸಿದ್ದರಲ್ಲ, ಅದೇ ಥಾಲಿಡೋಮೈಡ್. ಈಗ ಮೈಲೋಮಾ ಎಂಬ ಕ್ಯಾನ್ಸರಿಗೆ ಕೊಡುತ್ತಾರೆ. ಅದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂದು ಗೊತ್ತಾಗಿದ್ದೇ 2010ರಲ್ಲಿ. ಇಲಿಯ ಸೆರೆಬ್ಲಾನಿನಲ್ಲಿ ಮುಖ್ಯ ಜಾಗದ ಒಂದು ಅಮೈನೋ ಆಮ್ಲ ಬೇರೆ. ಅಷ್ಟಕ್ಕೇ ಔಷಧ ಇಲಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ನಮಗೆ ಮನುಷ್ಯರ ರಕ್ತವೇ ಬೇಕು.

ದಾನಿಯ ರಕ್ತವನ್ನು ಫೈಕಾಲ್ ಎಂಬ, ರಕ್ತದ ಕೋಶಗಳನ್ನು ಬೇರ್ಪಡಿಸುವ ದಟ್ಟ ದ್ರವದ ಮೇಲೆ ಮೆಲ್ಲಗೆ ಬಿಟ್ಟು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇವೆ. ನಡುವೆ ತೆಳ್ಳನೆಯ ಮೋಡದಂಥ ಪದರ ನಿಲ್ಲುತ್ತದೆ. ನಮಗೆ ಬೇಕಾದ ಕೋಶಗಳು ಅದರಲ್ಲಿವೆ. ಯಂತ್ರದ ಬ್ರೇಕ್ ಆಫ್ ಇರಬೇಕು, ಇಲ್ಲದಿದ್ದರೆ ಪದರ ಕದಡುತ್ತದೆ. (ಎಷ್ಟು ಸಲ ಮರೆತಿದ್ದೇನೆ ಎಂದು ಮಾತ್ರ ಕೇಳಬೇಡಿ.)

ಆಮೇಲೆ ಅದರಲ್ಲಿರುವ ಟಿ ಕೋಶಗಳಿಗೆ (ಇವೂ ಒಂದು ಬಗೆಯ ಬಿಳಿ ರಕ್ತಕಣಗಳೇ) ಬಣ್ಣ ಹಾಕಿ, ಕೆರಳಿಸಿ, ಔಷಧ ಕೊಟ್ಟು ನಾಲ್ಕು ದಿನ ಕಾಯುವುದು. ಕೋಶ ಒಂದು ಸಲ ಒಡೆದು ಎರಡಾದರೆ ಒಂದೊಂದರಲ್ಲೂ ಬಣ್ಣ ಅರ್ಧ, ಮತ್ತೆ ಒಡೆದರೆ ಕಾಲು. ಎಷ್ಟು ಸಲ ಒಡೆಯಿತು ಎಂದು, ಒಂದೊಂದೇ ಕೋಶದ ಬಣ್ಣ ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರ ಹೇಳುತ್ತದೆ.

ಮೊದಲ ವರ್ಷ ಒಂದು ಔಷಧದ ದೊಡ್ಡ ಡೋಸಿನಲ್ಲಿ ಕೋಶಗಳು ಒಡೆಯಲೇ ಇಲ್ಲ. ಎಂಥಾ ಔಷಧ ಅಂತ ಕುಣಿದುಕೊಂಡು ಹೋಗಿ ಬಾಸಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಬದುಕಿವೆಯಾ?" ಸತ್ತ ಕೋಶಗಳನ್ನು ತೋರಿಸುವ ಬಣ್ಣವನ್ನೇ ನಾನು ಹಾಕಿರಲಿಲ್ಲ! ಹಾಕಿ ನೋಡಿದರೆ ಬಹುಪಾಲು ಹೆಣಗಳು. ಕೊಂದಿದ್ದು ಔಷಧವೂ ಅಲ್ಲ, ಅದನ್ನು ಕರಗಿಸಿದ ದ್ರಾವಕ ಡಿಎಂಎಸ್‌ಒ. ಡೋಸ್ ಏರಿಸುತ್ತಾ ಏರಿಸುತ್ತಾ ಅದೂ ಶೇ 5ಕ್ಕೆ ಏರಿತ್ತು. ಕೋಶ ಬೆಳೆಸುವ ತಟ್ಟೆಯಲ್ಲಿ ಔಷಧವಿಲ್ಲದೆ ಹೋಲಿಕೆಗೆ ಇಟ್ಟ ಗುಳಿಯಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ. ಈಗ ಎಲ್ಲಾ ಗುಳಿಗಳಿಗೂ ಒಂದೇ ಲೆಕ್ಕ, ಶೇ 0.1.

ಅಷ್ಟು ಮಾಡಿದರೂ ಸಲೀಸಾಗಿ ಮುಗಿಯುವುದಿಲ್ಲ. ಲೆನಾಲಿಡೋಮೈಡ್ ಕೊಟ್ಟರೆ ಟಿ ಕೋಶಗಳು ಐಎಲ್-2 (ಕೋಶಗಳಿಗೆ ಬೆಳೆಯಿರಿ ಎಂದು ಹೇಳುವ ಪ್ರೋಟೀನ್) ಜಾಸ್ತಿ ಬಿಡಬೇಕು. ಈ ವಾರ ಇಬ್ಬರು ದಾನಿಗಳಲ್ಲಿ ಚೆನ್ನಾಗಿ ಏರಿತು, ಮೂರನೆಯವರದು ಅಲುಗಲಿಲ್ಲ. ಸುಮ್ನೆ ಕೈಬಿಡುವ ಹಾಗಿಲ್ಲ ಅಲ್ವಾ? ನಾಳೆ ನಾಲ್ಕನೆಯವರ ರಕ್ತ ಬರುತ್ತದೆ. "ಬ್ರೇಕ್ ಆಫ್" ಎಂದು ಕೈ ಮೇಲೆ ಈಗಲೇ ಬರೆದುಕೊಂಡಿದ್ದೇನೆ.