ಕನ್ನಡಿ ಸರಿ ಮಾಡಿದ ಮ್ಯಾಲೂ ಮಬ್ಬು ಯಾಕ ಅಳೀಬೇಕು?

ಮಾಳಿಗಿ ಮ್ಯಾಲ ಟೆಲಿಸ್ಕೋಪ್ ಇಟ್ಟಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರ: "ಸರ್, ದೊಡ್ಡ ಟೆಲಿಸ್ಕೋಪಿಗಿ ಅಡಾಪ್ಟಿವ್ ಆಪ್ಟಿಕ್ಸ್ ಇರ್ತದ, ಗಾಳಿಯ ಮಬ್ಬು ಅದೇ ತೆಗೀತದ ಅಂತೀರಿ, ಮತ್ತ ಆ ಮಬ್ಬು ಎಷ್ಟು ಅಂತ ಲೆಕ್ಕ ಹಾಕೋದ್ಯಾಕ?" ಪ್ರತಿ ಸಲ ಅರ್ಧ ಹೇಳಿ ಬಿಡ್ತಿದ್ದೆ, ಈಗ ಪೂರಾ ಬರೀತೀನಿ.

ಕಲಬುರಗಿ ಬ್ಯಾಸಿಗಿ ಗೊತ್ತಲ್ರಿ, ಹಗಲೆಲ್ಲ ಕಾದ ಶಾಬಾದಿ ಕಲ್ಲು ರಾತ್ರಿ ಹತ್ತಾದ್ರೂ ಅಂಗಾಲು ಸುಡ್ತದ. ಆ ಹೊತ್ತಿನ್ಯಾಗ ನನ್ನ 6 ಇಂಚಿನ ಟೆಲಿಸ್ಕೋಪಿನ್ಯಾಗ ಸ್ವಾತಿ ನಕ್ಷತ್ರ ನೋಡಿದ್ರ ಕಲ್ಲಿನ ಮ್ಯಾಲಿನ ಬಿಸಿಗಾಳಿಗಿ ಅದು ಒಂದ್ ಕಡಿ ನಿಲ್ಲಂಗೇ ಇಲ್ಲ, ಕಾದ ಎಣ್ಣಿಯೊಳಗಿನ ಸಾಸಿವಿ ಹಂಗ ಸಿಡೀತದ, ಒಂದೂವರಿ ಸುಮಾರು ಕಲ್ಲು ತಣ್ಣಗಾದ ಮ್ಯಾಲ ನೋಡಿದ್ರ ಅದೇ ಚುಕ್ಕಿ ಎಷ್ಟೋ ಶಾಂತ ಇರ್ತದ. ಒಳ್ಳೆ ಬೆಟ್ಟದ ಮ್ಯಾಲೂ ಗಾಳಿ ಬೆಳಕನ್ನ ಸೊಟ್ಟ ಮಾಡದೇ ಬಿಡೋದು ಸುಮಾರು 10ರಿಂದ 20 ಸೆಂಟಿಮೀಟರ್ ಅಗಲದಷ್ಟೇ. ಹಂಗಾಗಿ ಹವಾಯಿಯ ಕೆಕ್ ಟೆಲಿಸ್ಕೋಪಿನ 10 ಮೀಟರ್ ಕನ್ನಡಿ ಬೆಳಕು ಭಾಳ ಕೂಡಿಸ್ತದ ಖರೆ, ಆದ್ರ ಗಾಳಿ ಸರಿಪಡಿಸದಿದ್ರ ಚಿತ್ರ ಸಣ್ಣ ಟೆಲಿಸ್ಕೋಪಿನಷ್ಟೇ ಮಬ್ಬು.

1953ರಾಗ ಹೊರೇಸ್ ಬ್ಯಾಬ್ಕಾಕ್ ಅನ್ನೋ ಖಗೋಳ ವಿಜ್ಞಾನಿ ಇದಕ್ಕೊಂದು ದಾರಿ ಹೇಳಿದ್ರು: ಸೊಟ್ಟಾದ ಬೆಳಕು ಅಳೆದು, ಕನ್ನಡಿಯ ಮೈಯನ್ನೇ ಅದಕ್ಕ ಉಲ್ಟಾ ಬಗ್ಗಿಸೋದು. ಇದೇ ಅಡಾಪ್ಟಿವ್ ಆಪ್ಟಿಕ್ಸ್. ಈಗ ಇದು ಸೆಕೆಂಡಿಗಿ ನೂರಾರು ಸಲ, ಸಾವಿರ ಸಲವೂ ನಡೀತದ. ಆದ್ರ ಅಳೆದು ಬಗ್ಗಿಸೋದ್ರಾಗ ಗಾಳಿ ಸ್ವಲ್ಪ ಮುಂದ ಹೋಗೇ ಹೋಗಿರ್ತದ. ಯಾವ ಚುಕ್ಕಿ ನೋಡಿ ಅಳೀತಾರೋ ಅದರಿಂದ ದೂರ ಇದ್ದ ಚುಕ್ಕಿಯ ಬೆಳಕು ಬ್ಯಾರೆ ಗಾಳಿಯಾಗಿಂದ ಬಂದಿರ್ತದ, ಅದು ಅಳೆಯೋ ಚುಕ್ಕಿಯ ದಿಕ್ಕಿಗೇ ಉದ್ದ ಎಳೆದಂಗ ಕಾಣ್ತದ. ಕಡಿಗಿ ಉಳಿಯೋದು ನಡುವ ಚೂಪಾದ ಚುಕ್ಕಿ, ಸುತ್ತ ಮಸುಕು ಪ್ರಭೆ.

ಈ ಪ್ರಭೆನೇ ಅಳೀಬೇಕಾದ್ದು. ಚೀಲದ ತೂಕ ಗೊತ್ತಿಲ್ದ ತೊಗರಿ ತೂಕ ಹ್ಯಾಂಗ ಹೇಳ್ತೀರಿ? ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯನ್ನ ಎಸ್2 ಅನ್ನೋ ನಕ್ಷತ್ರ ಸುಮಾರು 16 ವರ್ಷಕ್ಕ ಒಂದು ಸುತ್ತು ಹಾಕ್ತದ, ಅಲ್ಲಿ ಚುಕ್ಕಿಗಳು ಒಂದರ ಮ್ಯಾಲೊಂದು ಬಿದ್ದಂಗ ಇರ್ತಾವ, ಪಕ್ಕದ ಪ್ರಭೆ ಕಳೀಲಿಲ್ಲಂದ್ರ ಎಸ್2 ಇರೋ ಜಾಗದ ಲೆಕ್ಕನೇ ತಪ್ತದ. ಆಂಡ್ರಿಯಾ ಗೆಜ್, ರೈನ್‌ಹಾರ್ಡ್ ಗೆಂಜೆಲ್ ಅವರಿಗೆ 2020ರ ನೊಬೆಲ್ ಬಂದಿದ್ದು ಇಂಥ ಚುಕ್ಕಿಗಳ ಹಾದಿ ವರ್ಷಗಟ್ಟಲೆ ಹಿಡಿದು ಅಳೆದದ್ದಕ್ಕ.

ಅಳೆಯೋದು ಹ್ಯಾಂಗ? ಅದೇ ಫೋಟೋದಾಗ ಒಂಟಿ ನಕ್ಷತ್ರ ಇದ್ರ ಅದರ ಆಕಾರನೇ ಮಬ್ಬಿನ ಆಕಾರ, ಕೆಲಸ ಸಲೀಸು. ಬರೇ ಗ್ಯಾಲಕ್ಸಿ ಇದ್ರ ಆ ರಾತ್ರಿ ಸೊಟ್ಟ ಬೆಳಕು ಅಳೆಯೋ ಸೆನ್ಸರ್ ಏನು ಕಂಡಿತು, ಕನ್ನಡಿ ಎಷ್ಟು ಬಗ್ಗಿತು ಅನ್ನೋ ರೆಕಾರ್ಡಿನಿಂದ ಉಳಿದ ತಪ್ಪು ಲೆಕ್ಕ ಹಾಕಿ ಮಬ್ಬು ಕಟ್ತಾರ, 1997ರಾಗ ವೆರಾನ್ ಅನ್ನೋ ಸಂಶೋಧಕರು ಮತ್ತವರ ಜೊತಿಯವರು ಇದನ್ನ ಮಾಡಿ ತೋರಿಸಿದ್ರು. ನನಗ ಭಾಳ ಹಿಡಿಸೋ ಕೆಲಸ ಇದೇ. ಆದ್ರ ಒಂದು ತೊಡಕದ, ಸೆನ್ಸರಿಗಿ ಹೋಗೋ ಬೆಳಕು ಬ್ಯಾರೆ, ಕ್ಯಾಮೆರಾಕ್ಕ ಹೋಗೋದು ಬ್ಯಾರೆ, ಕ್ಯಾಮೆರಾ ದಾರಿಯೊಳಗಿನ ಲೆನ್ಸಿನ ತಪ್ಪು ಸೆನ್ಸರಿಗಿ ಕಾಣಂಗೇ ಇಲ್ಲ, ಅದನ್ನ ಒಳಗೇ ಒಂದು ದೀಪ ಹಚ್ಚಿ ಬ್ಯಾರೆ ಅಳೀತಾರ.

ಮುಂದಿನ ಸಲ ಮಾಳಿಗಿಗಿ ಬಂದ್ರ ಫೋಕಸ್ ಸ್ವಲ್ಪ ತಪ್ಪಿಸಿ ತೋರಿಸ್ತೀನಿ, ಚುಕ್ಕಿ ರೂಪಾಯಿ ಬಿಲ್ಲಿಯಷ್ಟು ಅಗಲ ಆಗ್ತದ, ಅದರ ಮ್ಯಾಲ ಗಾಳಿ ಹರಿಯೋದು ಕಣ್ಣಿಗೇ ಕಾಣ್ತದ.