ಹಯೋಶ್ ಜೊತೆ 1200 ಮೀಟರ್: ಆರನೇ ವಾರ

ಈ ವಾರ 1200 ಮೀಟರ್ ಈಜೋಕೆ 31 ನಿಮಿಷ 40 ಸೆಕೆಂಡ್ ಹಿಡಿಯಿತು. ಹೋದ ವಾರಕ್ಕಿಂತ 50 ಸೆಕೆಂಡ್ ಕಡಿಮೆ. ಖುಷಿಯೇನೋ ಆಯಿತು. ಆದರೆ ಮುಟ್ಟಬೇಕಾದ್ದು 1896ರ ಒಲಿಂಪಿಕ್ಸ್‌ನಲ್ಲಿ ಹಯೋಶ್ ಇಷ್ಟೇ ದೂರ ಈಜಿ ಗೆದ್ದ ಸಮಯ: 18 ನಿಮಿಷ 22.2 ಸೆಕೆಂಡ್. ಹಯೋಶ್ ದಡ ಸೇರುವ ಹೊತ್ತಿಗೆ ನಾನಿನ್ನೂ 700 ಮೀಟರ್ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿರುತ್ತೇನೆ.

ಹೊಸದಾಗಿ ಓದುವವರಿಗೆ: ಅಲ್ಫ್ರೆಡ್ ಹಯೋಶ್ ಬುಡಾಪೆಸ್ಟ್ ಹುಡುಗ. ಹುಟ್ಟಿದಾಗಿನ ಹೆಸರು ಆರ್ನೋಲ್ಡ್ ಗುಟ್‌ಮನ್. ಹಯೋಶ್ ಅಂದರೆ ಹಂಗೇರಿಯನ್ ಭಾಷೆಯಲ್ಲಿ ನಾವಿಕ. ಅಪ್ಪ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ಸತ್ತಾಗ ಇವನಿಗೆ 13 ವರ್ಷ. 18ಕ್ಕೆ, ಅಂದರೆ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ, 100 ಮೀಟರ್ ಮತ್ತು 1200 ಮೀಟರ್ ಎರಡನ್ನೂ ಗೆದ್ದ. ಎರಡೂ ಒಂದೇ ದಿನ! ಆಗ ಗೆದ್ದವರಿಗೆ ಕೊಡುತ್ತಿದ್ದದ್ದು ಬೆಳ್ಳಿ ಪದಕ, ಚಿನ್ನ ಅಲ್ಲ.

ಕೊಳ ಇರಲಿಲ್ಲ. ಅಥೆನ್ಸ್‌ನ ಬಂದರು ಪಿರೇಯಸ್ ಹತ್ತಿರದ ಝೇಯಾ ಕೊಲ್ಲಿ, ಏಪ್ರಿಲ್ ತಿಂಗಳು, ನೀರು ಸುಮಾರು 13 ಡಿಗ್ರಿ. ಈಜುಗಾರರನ್ನು ದೋಣಿಯಲ್ಲಿ ಸಮುದ್ರದೊಳಗೆ ಕರೆದುಕೊಂಡು ಹೋಗಿ ಬಿಡುವುದು, ಅವರು ದಡಕ್ಕೆ ಈಜಿ ಬರುವುದು. ಚಳಿ ತಡೆಯೋಕೆ ಹಯೋಶ್ ಮೈಗೆಲ್ಲಾ ದಪ್ಪಗೆ ಕೊಬ್ಬು ಬಳಿದುಕೊಂಡಿದ್ದ.

ಇದನ್ನು ಪರೀಕ್ಷೆ ಮಾಡದೆ ಬಿಡೋಕೆ ಆಗುತ್ತಾ? ಭಾನುವಾರ ಬಕೆಟ್ ನೀರಿಗೆ ಐಸ್ ಹಾಕಿ 13 ಡಿಗ್ರಿಗೆ ತಂದೆ. ಎಡಗೈಗೆ ಕೊಬ್ಬರಿ ಎಣ್ಣೆ, ಬಲಗೈಗೆ ಏನೂ ಇಲ್ಲ. ಐದು ನಿಮಿಷಕ್ಕೆ ಎರಡೂ ಕೈ ಒಂದೇ ಸಮ ಮರಗಟ್ಟಿದವು. ಎಣ್ಣೆ ಬಿಳಿ ಮೇಣದ ಹಾಗೆ ಗಟ್ಟಿಯಾಗಿ ಬಕೆಟ್‌ಗೆ ಅಂಟಿಕೊಂಡಿತು, ಮನೆಯಲ್ಲಿ ಬೈಗುಳ ಬೇರೆ. ಅವನು ಬಳಿದದ್ದು ದಪ್ಪ ಪದರ, ನಂದು ಸುಮ್ನೆ ಒಂದು ಸವರು. ಹಾಗಾಗಿ ಇದು ಲೆಕ್ಕಕ್ಕಿಲ್ಲ.

ಅವನ ವೇಗದಲ್ಲಿ ಈಜಬೇಕೆಂದರೆ ಪ್ರತಿ 25 ಮೀಟರ್‌ಗೆ 23 ಸೆಕೆಂಡ್, ಅದೂ 48 ಸಲ ಬಿಡದೆ. ನಾನು ಎರಡು ಸಲ ಮಾಡಬಲ್ಲೆ. ಮೂರನೆಯದಕ್ಕೆ ಭುಜ ಕೈಕೊಡುತ್ತದೆ.

ಈತ ಬರೀ ಈಜುಗಾರನೂ ಅಲ್ಲ. 1902ರಲ್ಲಿ ಹಂಗೇರಿಯ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಆಡಿದ. ವಾಸ್ತುಶಿಲ್ಪ ಓದಿ, 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಕಲಾ ಸ್ಪರ್ಧೆಯಲ್ಲಿ ಡೆಜೊ ಲೌಬರ್ ಜೊತೆ ಸೇರಿ ಸ್ಟೇಡಿಯಂ ನಕ್ಷೆಗೆ ಬೆಳ್ಳಿ ಗೆದ್ದ. ಆ ವಿಭಾಗದಲ್ಲಿ ಚಿನ್ನವನ್ನು ಯಾರಿಗೂ ಕೊಡಲೇ ಇಲ್ಲ, ಪಾಪ. ಬುಡಾಪೆಸ್ಟಿನ ಮಾರ್ಗರೆಟ್ ದ್ವೀಪದ ಈಜುಕೊಳ ಇವನದೇ ವಿನ್ಯಾಸ, ಈಗ ಅದಕ್ಕೆ ಇವನದೇ ಹೆಸರು. ಸಮುದ್ರದಲ್ಲಿ ನಡುಗಿದವನು ಕೊಳ ಕಟ್ಟಿದ್ದು ನನಗೆ ಯಾಕೋ ತುಂಬಾ ಇಷ್ಟ.

ಇನ್ನೊಂದು ವಿಷಯ ಈ ವಾರವೇ ಹೊಳೆದದ್ದು. ಕೊಳದಲ್ಲಿ 47 ಸಲ ಗೋಡೆ ಒದ್ದು ಮುಂದೆ ಹೋಗುತ್ತೇನೆ. ಅವನಿಗೆ ಒದೆಯೋಕೆ ಗೋಡೆಯೇ ಇರಲಿಲ್ಲ. ನಿನ್ನೆ ಒದೆಯದೆ, ನಿಧಾನಕ್ಕೆ ತಿರುಗಿ ಈಜಿದೆ: 34 ನಿಮಿಷ 5 ಸೆಕೆಂಡ್. ಮುಗಿಸಿ ಮೇಲೆ ಬಂದರೆ ಲೈಫ್‌ಗಾರ್ಡ್ ಕೇಳಿದ, "ಏನ್ ಸಾರ್, ಕಾಲು ನೋವಾ?"