ಚಿಕ್ಕ ಗುಡ್ಡೆಯ ಎದುರು ಎರಡು ಎಕ್ಕ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಗೆಳೆಯರ ಮನೆಯಲ್ಲಿ ತಿಂಗಳಿಗೊಮ್ಮೆ ನಾವು ಏಳೆಂಟು ಕನ್ನಡಿಗರು ಪೋಕರ್‌ಗೆ ಕೂರುತ್ತೇವೆ. ತಲೆಗೆ 20 ಡಾಲರ್, ಊಟಕ್ಕೆ ಚಿತ್ರಾನ್ನ. ಕಳೆದ ಸಲ ನನಗೆ ಈ ಆಟ ಕಲಿಸಿದ ಹಾಸನದ ಹಿರಿಯರೂ ಕೂತಿದ್ದರು. ರಾತ್ರಿ ಹತ್ತರ ಹೊತ್ತಿಗೆ ಬ್ಲೈಂಡ್, ಅಂದರೆ ಎಲೆ ನೋಡುವ ಮುಂಚೆಯೇ ಇಬ್ಬರು ಇಡಲೇಬೇಕಾದ ಪಣ, 1,000–2,000ಕ್ಕೆ ಏರಿತ್ತು. ಅವರ ಬಳಿ ಉಳಿದಿದ್ದದ್ದು 15,000 ಚಿಪ್, ನನ್ನ ಬಳಿ 90,000.

ಆಗ ನನಗೆ ಜೋಡಿ ರಾಜ ಬಂತು. ಖುಷಿಯಲ್ಲಿ ಒಂದೇ ಏಟಿಗೆ ಅವರ ಗುಡ್ಡೆಯಷ್ಟೂ ಚಿಪ್ ಮುಂದೆ ತಳ್ಳಿದೆ. ಅವರು ಎಕ್ಕ-ಆರನ್ನು ತೆರೆದು ತೋರಿಸಿ ಕೆಳಗಿಟ್ಟರು. ನನಗೆ ಸಿಕ್ಕಿದ್ದು ಬರೀ ಬ್ಲೈಂಡ್. ಅಷ್ಟು ಒಳ್ಳೆಯ ಎಲೆಯನ್ನು ನಾನೇ ಹಾಳುಮಾಡಿಕೊಂಡೆ ಎಂಬ ಸಂಕಟ ಅರ್ಧ ಗಂಟೆ ಹೋಗಲಿಲ್ಲ.

ಏಳು ದೊಡ್ಡ ಬ್ಲೈಂಡ್‌ನಷ್ಟು ಚಿಪ್ ಇರುವವರು ಸುಮ್ಮನೆ ಕಾಲ್ ಮಾಡಿ, ಅಂದರೆ ಎದುರಿನವರ ಪಣದಷ್ಟೇ ಇಟ್ಟು, ಫ್ಲಾಪ್ ಎಂಬ ಮೊದಲ ಮೂರು ತೆರೆದ ಎಲೆ ನೋಡುತ್ತಾ ಕೂರಲಾರರು. ಆಡಿದರೆ ಎಲ್ಲವನ್ನೂ ಇಡಬೇಕು, ಎದುರಿನವನು ಹೆದರಿ ಎಲೆ ಬಿಡಲಿ ಎಂದು ಕಾಯಬೇಕು. ಅವರ ಕೈಯಲ್ಲಿರುವ ಆಯುಧವೇ ಅದು. ನನ್ನ ಎಲೆ ಚೆನ್ನಾಗಿದ್ದಾಗ ಅವರು ಅದನ್ನು ಬಳಸಲಿ ಎಂದೇ ನಾನು ಬಯಸಬೇಕು; ನಾನೇ ಮೊದಲು ಎಲ್ಲವನ್ನೂ ತಳ್ಳಿದರೆ ಆ ಆಯುಧವನ್ನು ಕಿತ್ತುಕೊಂಡಂತೆ. ಅಂಥವರ ಎದುರು ಸಣ್ಣ ಜೋಡಿ ಹಿಡಿದು ಅದೇ ಅಂಕಿಯ ಮೂರನೆಯ ಎಲೆಗೆ ಆಸೆಪಡುವುದೂ ತಪ್ಪು. ಫ್ಲಾಪ್‌ನಲ್ಲಿ ಅದು ಬೀಳುವುದು ಎಂಟೊಂಬತ್ತು ಸಲಕ್ಕೊಮ್ಮೆ, ಬಿದ್ದರೂ ಅವರಿಂದ ಗೆಲ್ಲುವಷ್ಟು ಚಿಪ್ ಅಲ್ಲಿರುವುದಿಲ್ಲ.

ಸ್ವಲ್ಪ ಹೊತ್ತಿಗೆ ಎರಡು ಎಕ್ಕ ಬಂದವು. ಹಿರಿಯರು ದೊಡ್ಡ ಬ್ಲೈಂಡ್‌ನಲ್ಲಿದ್ದರು, ಅದೂ ಸೇರಿ ಅವರ ಬಳಿ 14,000. ಈ ಸಲ 4,000ಕ್ಕೆ ಮಾತ್ರ ಏರಿಸಿದೆ. ಬಟನ್‌ನಲ್ಲಿದ್ದ, ಅಂದರೆ ಎಲೆ ಹಂಚುವವನ ಸ್ಥಾನದಲ್ಲಿದ್ದ, ದೊಡ್ಡ ಗುಡ್ಡೆಯ ಗೆಳೆಯ ಕಾಲ್ ಮಾಡಿದ. ಸಣ್ಣ ಬ್ಲೈಂಡ್‌ನವನು ಎಲೆ ಬಿಟ್ಟ. ಹಿರಿಯರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಆಲ್ ಇನ್" ಎಂದರು.

ಕಾಲ್ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಯಾವುದೋ ಎರಡು ಎಲೆ ಹಿಡಿದ ಒಬ್ಬನ ಎದುರು ಜೋಡಿ ಎಕ್ಕ ನೂರಕ್ಕೆ 85 ಸಲ ಗೆಲ್ಲುತ್ತದೆ. ಇಬ್ಬರಾದರೆ ಅದು 73ಕ್ಕೆ ಇಳಿಯುತ್ತದೆ. ಬಟನ್‌ನವನನ್ನು ಹೊರಗೆ ಕಳಿಸಲು 40,000ಕ್ಕೆ ಏರಿಸಿದೆ. ಅವನ 4,000 ನಡುವೆಯೇ ಉಳಿಯಿತು, ಅವನು ಹೊರಗಾದ. ಹಿರಿಯರ 14,000ಕ್ಕಿಂತ ನಾನು ಹೆಚ್ಚಿಟ್ಟದ್ದು ನನಗೇ ಮರಳಿತು; ಇಬ್ಬರ 14,000, ಅವನ 4,000, ಸಣ್ಣ ಬ್ಲೈಂಡ್‌ನ 1,000 ಸೇರಿ ಈಗ ನಮ್ಮಿಬ್ಬರ ನಡುವೆ 33,000.

ಹಿರಿಯರ ಎಲೆ ಇಸ್ಪೀಟಿನ ರಾಜ, ಇಸ್ಪೀಟಿನ ಒಂಬತ್ತು. ಫ್ಲಾಪ್‌ನ ಮೊದಲ ಎಲೆಯೇ ಒಂಬತ್ತು! ಉಳಿದ ಎರಡು ಒಂಬತ್ತು, ಮೂರು ರಾಜ, ಒಟ್ಟು ಐದು ಎಲೆ ನನ್ನನ್ನು ಸೋಲಿಸಬಹುದಿತ್ತು. ಫ್ಲಾಪ್ ಮುಗಿದು ಕೊನೆಯ ಎರಡು ಎಲೆ ಬೀಳುವವರೆಗೆ ಉಸಿರು ಬಿಡಲಿಲ್ಲ. ನಾಲ್ಕು ಬಿತ್ತು, ಆಮೇಲೆ ಗುಲಾಮ.

ಹಿರಿಯರು ಎದ್ದು ಕೈ ಕುಲುಕಿದರು. "ನೀನು ಹಿಂದಿನ ಸಲದ ಹಾಗೆ ತಳ್ಳಿದ್ದರೆ ಈ ಎಲೆ ಖಂಡಿತ ಬಿಡುತ್ತಿದ್ದೆ ಕಣಯ್ಯ" ಎಂದು ಹೇಳಿ, ಎಲ್ಲರಿಗೂ ಕಾಫಿ ಬೆರೆಸಲು ಅಡುಗೆಮನೆಗೆ ಹೋದರು.